ಮಳವಳ್ಳಿಯಲ್ಲಿ ಸಿಕ್ಕ ಡಿ ಡ್ರೈವ್

...ವೈರಸ್ ಅಲ್ಲ. ನಿನ್ನೆ ಡಿ ಡ್ರೈವ್ ಕಾಣೆಯಾಗಿದೆ ಅಂತ ಪೋಸ್ಟ್ ಹಾಕಿದಾಗ ಕಾಮೆಂಟಿನಲ್ಲಿ ಎಲ್ಲರೂ ವೈರಸ್ ಇರಬೇಕು ಅಂದಿರಲ್ಲ, ಅಲ್ಲವೇ ಅಲ್ಲ. ಡಿಲೀಟ್ ಒತ್ತಿದ್ದು ನಾನೇ.

ಹಳೇ ಕಂಪ್ಯೂಟರ್. ಸಿ ಡ್ರೈವ್ ತುಂಬಿ ಕೆಂಪಾಗಿತ್ತು, ಪಕ್ಕದ ಡಿ ಡ್ರೈವಿನಲ್ಲಿ ಜಾಗ ಬೇಕಾದಷ್ಟಿತ್ತು. ಯೂಟ್ಯೂಬ್ ನೋಡಿಕೊಂಡು ಡಿ ಪಾರ್ಟಿಷನ್ ತೆಗೆದೆ. ನಡುವಿನ ಗೋಡೆ ಒಡೆದರೆ ಎರಡು ರೂಮು ಒಂದಾಗುತ್ತದೆ, ಸಾಮಾನು ಇದ್ದಲ್ಲೇ ಇರುತ್ತದೆ ಅಂದುಕೊಂಡಿದ್ದೆ.

ಗೋಡೆಯ ಜೊತೆ ರೂಮೇ ಹೋಯಿತು. ಆ ಜಾಗದಲ್ಲಿ ಒಂದು ಕಪ್ಪು ಪಟ್ಟಿ, ಕೆಳಗೆ ‘ಅನ್‌ಅಲೊಕೇಟೆಡ್’ ಅಂತ. ಕಾಲೇಜಿನಲ್ಲಿ ಓದಿದ ಇಂಗ್ಲಿಷ್ ಮುಕ್ಕಾಲು ಮರೆತಿದೆ, ಆದರೂ ‘ಅನ್’ ಅಂದರೆ ಇಲ್ಲ ಅನ್ನುವಷ್ಟು ನೆನಪಿದೆ.

ಆ ರೂಮಿನಲ್ಲಿ ಇದ್ದವಳು ಸರೋಜ, ನನ್ನ ಹೆಂಡತಿ. ತೀರಿಕೊಂಡು ವರ್ಷಗಳಾದವು. ಫೋಟೋ ಗೋಡೆಯ ಮೇಲೂ ಇದೆ, ಆಲ್ಬಮ್ಮಿನಲ್ಲೂ ಇದೆ... ಆದರೆ ಅವಳ ದನಿ ಇದ್ದದ್ದು ಡಿ ಡ್ರೈವಿನ ವಿಡಿಯೋಗಳಲ್ಲಿ ಮಾತ್ರ.

ಇಂಥದ್ದಕ್ಕೆ ಫೋನ್ ಮಾಡಬೇಕಾದ ಮನುಷ್ಯ ನನಗೆ ಗೊತ್ತಿರುವುದು ಒಬ್ಬನೇ. ಮಳವಳ್ಳಿಯ ಸಿದ್ದರಾಜು. ಮಂಡ್ಯದ ಒಂದು ಕಾಲೇಜಿನ ಕಂಪ್ಯೂಟರ್ ಲ್ಯಾಬ್ ನೋಡಿಕೊಂಡು ರಿಟೈರ್ ಆದವನು.

ಅದೇ ಕಷ್ಟ ನೋಡಿ.

ಅವನು ಸರೋಜಳ ಸೋದರತ್ತೆ ಮಗ. ನಮ್ಮ ಕಡೆ ವರಸೆ ಗೊತ್ತಲ್ಲ, ಮೊದಲು ಹೆಣ್ಣು ಕೇಳಬೇಕಾದವರು ಅವರೇ. ಕೇಳಬೇಕಾದ ಆ ಅತ್ತೆ, ಅವನ ತಾಯಿ, ಮೊದಲೇ ತೀರಿಹೋದರು, ಸಂಬಂಧ ಹಾಗೇ ನಿಂತಿತು, ಆಮೇಲೆ ನನಗೆ ಕೊಟ್ಟರು. ಅವಳು ಅವನನ್ನು ಬಾವ ಅನ್ನುತ್ತಿದ್ದಳು. ನನಗೆ ಅವನು ವರಸೆಯಲ್ಲಿ ಅಣ್ಣ. ಬಾಯಲ್ಲಿ ಅಣ್ಣ, ಮನಸ್ಸಿನಲ್ಲಿ ‘ಅವನು’.

ಮದುವೆ ಮನೆಗಳಲ್ಲಿ ಹೆಂಗಸರು ಇವರಿಬ್ಬರನ್ನು ಸೇರಿಸಿ ತಮಾಷೆ ಮಾಡುವರು. ಎಲ್ಲರೂ ನಗುವರು. ಟು ಬಿ ಫ್ರ್ಯಾಂಕ್, ನಾನೂ ನಗುತ್ತಿದ್ದೆ, ಹಲ್ಲಿನಲ್ಲಿ ಮಾತ್ರ.

ಕಂಪ್ಯೂಟರ್ ಹ್ಯಾಂಗ್ ಆದಾಗಲೆಲ್ಲ ಇವಳು ಬಾವನಿಗೆ ಒಂದು ಫೋನ್ ಮಾಡಿ ಅನ್ನುತ್ತಿದ್ದಳು. ಗೆಜ್ಜಲಗೆರೆ ಫ್ಯಾಕ್ಟರಿ ಆಫೀಸಿನಲ್ಲಿ ಜೀವಮಾನವೆಲ್ಲ ಕಂಪ್ಯೂಟರ್ ಮುಂದೆ ಕೂತವನು ನಾನು. ನಾನ್ಯಾಕೆ ಮಾಡಲಿ?

ನಿನ್ನೆ ಸಂಜೆ ಮಾಡಿದೆ. ಎಲ್ಲ ಕೇಳಿಸಿಕೊಂಡು, ಡಿಲೀಟ್ ಆದಮೇಲೆ ಆ ಜಾಗವನ್ನು ಸಿ ಡ್ರೈವಿಗೆ ಸೇರಿಸಲು ಎಕ್ಸ್‌ಟೆಂಡ್ ಒತ್ತಿದೆಯಾ ಅಂದ. ಇಲ್ಲ ಅಂದೆ.

“ಅಂಗಾರೆ ಬದುಕ್ಕಂಡೆ. ಆಫ್ ಮಾಡಿ ಇಲ್ಲಿಗೆ ಎತ್ಕಂಬಾ. ಇನ್ನೇನೂ ಮುಟ್ಬ್ಯಾಡ ಕಣ್ಲಾ.”

ಬೆಳಿಗ್ಗೆ ಮದ್ದೂರಿನಲ್ಲಿ ಮಳವಳ್ಳಿ ಬಸ್ಸು ಹತ್ತಿದೆ, ಸಿಪಿಯು ತೊಡೆಯ ಮೇಲೆ. ನಡುದಾರಿಯಲ್ಲಿ ಸಿಗುವ ದೊಡ್ಡಿ ಊರು ದಾಟುವವರೆಗೂ ಇಳಿದು ವಾಪಸ್ ಹೋಗಿಬಿಡಲೇ ಅನ್ನುವ ಯೋಚನೆಯೇ.

ಅವನ ಹೆಂಡತಿ ಬಾಗಿಲಲ್ಲೇ ನಿಂತಿದ್ದರು. “ಅಂತೂ ನಮ್ ಸರೋಜನ ಮಳವಳ್ಳಿಗೆ ಕರ್ಕಂಬಂದೆ ಬುಡಪ್ಪ” ಅಂದರು. ತಮಾಷೆಗೇ ಅಂದದ್ದು. ನಾನು ಚಪ್ಪಲಿ ಬಿಡುವ ನೆಪದಲ್ಲಿ ಬಗ್ಗಿದೆ.

ಅವನ ಕಂಪ್ಯೂಟರ್ ನನ್ನದಕ್ಕಿಂತ ಹಳೆಯದು. ಆದರೂ ಒಂದು ಡ್ರೈವೂ ಕೆಂಪಾಗಿಲ್ಲ. ಧೂಳು ಕೂರದಂತೆ ಮೇಲೊಂದು ಬಟ್ಟೆಯ ಕವರ್ ಬೇರೆ, ಹೆಂಡತಿ ಹೊಲಿದುಕೊಟ್ಟದ್ದಂತೆ. ಅದನ್ನು ನೋಡಿಯೂ ಹೊಟ್ಟೆ ಉರಿಯಿತು.

ನನ್ನ ಹಾರ್ಡ್ ಡಿಸ್ಕ್ ಬಿಚ್ಚಿ ತನ್ನ ಕಂಪ್ಯೂಟರಿಗೆ ಎರಡನೇ ಡಿಸ್ಕ್ ಮಾಡಿ ಸಿಕ್ಕಿಸಿದ. ವಿಡಿಯೋಗಳು ಅಳಿಸಿಲ್ಲವಂತೆ. ಯಾವ ಪಾರ್ಟಿಷನ್ ಎಲ್ಲಿಂದ ಎಲ್ಲಿಯವರೆಗೆ ಅಂತ ಡಿಸ್ಕ್ ಇಟ್ಟುಕೊಂಡಿರುವ ಗುರುತು ಮಾತ್ರ ಹೋಗಿದೆಯಂತೆ. ಆ ಜಾಗದ ಮೇಲೆ ಹೊಸದೇನೂ ಬರೆಯದಿದ್ದರೆ ಹುಡುಕಬಹುದು ಅಂದ.

ಸ್ಕ್ಯಾನ್ ಶುರುವಾಯಿತು. ಊಟಕ್ಕೆ ಕೂರಿಸಿದರು, ಮುದ್ದೆ ಮುರಿಯುತ್ತಾ ಸ್ಕ್ರೀನಿನ ಕಡೆಗೇ ನೋಡುತ್ತಿದ್ದೆ. ಸಿಗದಿದ್ದರೆ ಅನ್ನುವ ಭಯ ಒಂದು ಕಡೆ. ಸಿಕ್ಕರೆ ಅವನೂ ನೋಡುತ್ತಾನಲ್ಲ ಅನ್ನುವ ಸಂಕಟ ಇನ್ನೊಂದು ಕಡೆ.

ಜೆಲಸಿ ಬೇರೆ, ಎನ್ವಿ ಬೇರೆ ಅಂತ ನಮ್ಮ ಇಂಗ್ಲಿಷ್ ಮೇಷ್ಟ್ರು ಹೇಳುತ್ತಿದ್ದರು. ಒಂದು ನಮ್ಮಲ್ಲಿ ಇಲ್ಲದ್ದಕ್ಕೆ, ಇನ್ನೊಂದು ಇರುವುದು ಕೈತಪ್ಪೀತು ಅಂತ. ಯಾವುದು ಯಾವುದಕ್ಕೆ ಅನ್ನುವುದು ಮರೆತಿದೆ. ನನಗೆ ಎರಡೂ ಇತ್ತು.

ಮಧ್ಯಾಹ್ನದ ಮೇಲೆ ಡಿ ಡ್ರೈವ್ ಸಿಕ್ಕಿತು, ಫೋಲ್ಡರುಗಳ ಸಮೇತ. ಆದರೆ ನಿನ್ನ ಡಿಸ್ಕಿಗೆ ವಯಸ್ಸಾಗಿದೆ, ಮೊದಲು ಎಲ್ಲ ನನ್ನದಕ್ಕೆ ಕಾಪಿ ಮಾಡಿ, ಆಮೇಲೆ ಪೆನ್‌ಡ್ರೈವಿಗೆ ಹಾಕಿಕೊಡುತ್ತೇನೆ ಅಂದ.

ಅಂದರೆ ಸರೋಜ ಅವನ ಕಂಪ್ಯೂಟರಿಗೆ ಹೋಗಬೇಕು. ಬೇರೆ ದಾರಿ ಇಲ್ಲವೇ ಅಂದೆ. ಇಲ್ಲ ಅಂದ. ನನಗೆ ಕೊಟ್ಟಮೇಲೆ ನಿನ್ನದರಲ್ಲಿ ಎಲ್ಲ ಅಳಿಸಿಬಿಡಬೇಕು ಅಣ್ಣ ಅಂದೆ. ಒಂದು ಗಳಿಗೆ ನನ್ನ ಮುಖ ನೋಡಿ, ಆಗಲಿ ಅಂದ.

ಮೊದಲು ಬಂದ ವಿಡಿಯೋ ಸರಿಯಿದೆಯಾ ಅಂತ ತೆರೆದ. ನಮ್ಮ ಕೊಟ್ಟಿಗೆ. ಆಗ ತಾನೇ ಹುಟ್ಟಿದ ಕರು ಎದ್ದು ನಿಲ್ಲಲು ಹೋಗಿ ಮುಗ್ಗರಿಸುತ್ತದೆ. ಫೋನ್ ಹಿಡಿದವಳು ಕಾಣುವುದಿಲ್ಲ... ನಗು ಮಾತ್ರ ಕೇಳುತ್ತದೆ.

ನಾನು ಸ್ಕ್ರೀನ್ ಬಿಟ್ಟು ಅವನ ಮುಖ ನೋಡಿದೆ. ಏನಾದರೂ ಕಂಡೀತು ಅಂತಲೇ ನೋಡಿದೆ. ಅವನ ತುಟಿ ಅದುರುತ್ತಿತ್ತು.

“ಇದು ನಮ್ಮವ್ವನ ನಗು ಕಣ್ಲಾ” ಅಂದ. “ಇಂಗೇ ನಗ್ತಿದ್ಲು. ನಮ್ತಾವ ಅವಳ್ದು ಒಂದ್ ಫೋಟೋ ಬುಟ್ರೆ ಇನ್ನೇನೂ ಇಲ್ಲ.”

ನಾನು ಆ ಅತ್ತೆಯನ್ನು ನೋಡಿದವನಲ್ಲ. ಅವರ ನಗುವನ್ನೇ ಇಷ್ಟು ವರ್ಷ ನನ್ನ ಮನೆಯಲ್ಲಿ ಕೇಳಿದ್ದೇನೆ ಅಂತ ನನಗೆ ಹೇಗೆ ಗೊತ್ತಾಗಬೇಕು?

ಸುಳ್ಳು ಯಾಕೆ, ಆಗಲೂ ನನಗೆ ಆದದ್ದು ಹೊಟ್ಟೆಕಿಚ್ಚೇ. ಆ ನಗುವಾದರೂ ನನ್ನೊಬ್ಬನದು ಅಂತ ಬಸ್ಸಿನಲ್ಲಿ ಅಪ್ಪಿಕೊಂಡು ತಂದಿದ್ದೆ.

ಗಾಳಿಗೆ ಅಂತ ಹೇಳಿ ಎದ್ದು ಬಂದು ಅವನ ಮನೆ ಜಗುಲಿಯ ಮೇಲೆ ಕೂತಿದ್ದೇನೆ. ಇದನ್ನು ಇಲ್ಲಿಂದಲೇ ಬರೆಯುತ್ತಿರುವುದು. ಒಳಗೆ ಕಾಪಿ ಮುಗಿದಿರಬೇಕು. ಕರುವಿನ ವಿಡಿಯೋ ಮಾತ್ರ ಮತ್ತೆ ಕೇಳುತ್ತಿದೆ. ನಿಲ್ಲುತ್ತದೆ... ಮತ್ತೆ ಮೊದಲಿನಿಂದ.

ಬೆಳಕು ಹೋಗುತ್ತಿದೆ, ಈಗ ಗಮನಿಸಿದೆ. ಮದ್ದೂರು ಬಸ್ಸಿಗೆ ಏಳಬೇಕು. ಕಿಟಕಿಯಲ್ಲಿ ನೋಡಿದರೆ ಅವನು ಲೈಟು ಹಾಕಿಲ್ಲ, ಮಾನಿಟರ್ ಬೆಳಕಿನಲ್ಲೇ ಕೂತಿದ್ದಾನೆ.

ಎಲ್ಲ ಅಳಿಸು ಅಂದವನು ನಾನು... ಈಗ ಒಳಗೆ ಹೋಗಿ, ಅದೊಂದನ್ನು ಇಟ್ಟುಕೊಳ್ಳಣ್ಣ ಅನ್ನಲೇ, ಬೇಡವೇ?