ಎಡಗೈ ಜೋಡಿಸಿದ ಟ್ರೇ

ಅರಿವಳಿಕೆ ವಿಭಾಗದಲ್ಲಿ ತರಬೇತಿ ಪಡೆಯುತ್ತಿದ್ದ ಹದಿನಾಲ್ಕು ಡಾಕ್ಟರುಗಳಿಗೆ ಒಬ್ಬ ಪ್ರತಿನಿಧಿ ಬೇಕೆಂದು ಸಭೆ ಸೇರಿದ ದಿನ, ಕಿರಿಯರೆಲ್ಲ ಅಕ್ಕ ಎಂದು ಕರೆಯುತ್ತಿದ್ದಾಕೆ ಅಲ್ಲಿ ಇರಲೇ ಇಲ್ಲ. ಮೂರನೇ ಥಿಯೇಟರಿನಲ್ಲಿ ಯಾರದೋ ಹೊಟ್ಟೆಯ ಆಪರೇಷನ್ ನಡೆಯುತ್ತಿತ್ತು, ಆಕೆ ಆ ರೋಗಿಯ ತಲೆಯ ಬಳಿ ಕೂತು ಉಸಿರು ಕಾಯುತ್ತಿದ್ದಳು. ಎದುರಿಗಿಲ್ಲದವರ ಹೆಸರು ಸೂಚಿಸುವಷ್ಟು ಸುಲಭದ ಕೆಲಸ ಇನ್ನೊಂದಿಲ್ಲ ನೋಡಿ. ಹದಿಮೂರು ಕೈಗಳೂ ಒಟ್ಟಿಗೆ ಮೇಲೆದ್ದವು. ಹೊರಗೆ ಬಂದು ಮಾಸ್ಕ್ ಕಳಚುವಷ್ಟರಲ್ಲಿ ಆಕೆ ಪ್ರತಿನಿಧಿಯಾಗಿದ್ದಳು.

"ನನ್ನನ್ನ ಒಂದು ಮಾತು ಕೇಳಬಾರದಿತ್ತಾ?"

"ಕೇಳಿದ್ರೆ ಬೇಡ ಅಂತಿದ್ರಿ ಅಕ್ಕಾ. ಅದಕ್ಕೇ ಕೇಳ್ಲಿಲ್ಲ."

ಪ್ರತಿನಿಧಿ ಎಂದರೆ ಪದವಿಯಲ್ಲ, ಬಿಟ್ಟಿ ಚಾಕರಿ. ಒಬ್ಬರಿಗೇ ಸಾಲುಸಾಲಾಗಿ ಡ್ಯೂಟಿ ಬಿದ್ದರೆ ವಿಭಾಗದ ಮುಖ್ಯಸ್ಥರ ಬಾಗಿಲು ತಟ್ಟಬೇಕು. ಪರೀಕ್ಷೆಗೆ ಓದುವವರಿಗೆ ರಜೆ ಕೇಳಬೇಕು. ವಿಶ್ರಾಂತಿ ಕೋಣೆಯ ಸೋಫಾದ ಸ್ಪ್ರಿಂಗು ಮೇಲೆದ್ದು ಚುಚ್ಚುತ್ತದೆ ಎಂದು ಅರ್ಜಿ ಬರೆಯಬೇಕು. ಆ ಅರ್ಜಿಗೆ ಉತ್ತರ ಬರುವಷ್ಟರಲ್ಲಿ ಎರಡನೇ ಸ್ಪ್ರಿಂಗೂ ಎದ್ದಿರುತ್ತದೆ, ಆ ಮಾತು ಬೇರೆ. ಯಾರ ಮೇಲಾದರೂ ವಿಚಾರಣೆ ನಡೆದರೆ ಪಕ್ಕದಲ್ಲಿ ಕೂತು ಅವರ ಪರವಾಗಿ ಮಾತಾಡಬೇಕು.

ಇಷ್ಟು ಸಾಲದೆಂದು ಅಕ್ಕ ತಾನಾಗಿ ಮೈಮೇಲೆ ಎಳೆದುಕೊಂಡ ಕೆಲಸವೂ ಒಂದಿತ್ತು. ಅರಿವಳಿಕೆ ಕೊಟ್ಟವರು ರೋಗಿಯ ತಲೆಯ ಬಳಿಯಿಂದ ಕದಲುವಂತಿಲ್ಲ. ಇನ್ನೊಬ್ಬರು ಬಂದು ಆ ಜಾಗಕ್ಕೆ ನಿಂತರಷ್ಟೇ ಹೊಟ್ಟೆಗೋ ಬಚ್ಚಲಿಗೋ ಬಿಡುವು. ಸರ್ಜನ್ನರಿಗೆ ಇದು ನೆನಪಿರುವುದಿಲ್ಲ. ಅಕ್ಕನಿಗೆ ಮಾತ್ರ ಮರೆಯುತ್ತಿರಲಿಲ್ಲ. ತನ್ನ ಕೇಸು ಮುಗಿದ ಕೂಡಲೇ ಒಂದೊಂದೇ ಥಿಯೇಟರಿನೊಳಗೆ ತಲೆ ಹಾಕಿ, "ಹೋಗು, ಚಹಾ ಕುಡಿದು ಬಾ, ತಲೆ ನಾನು ನೋಡ್ಕೋತೀನಿ" ಎನ್ನುತ್ತಿದ್ದಳು. ಕಿರಿಯರ ಪಾಲಿಗೆ ಇಡೀ ದಿನದಲ್ಲಿ ಅದಕ್ಕಿಂತ ಇಂಪಾದ ಮಾತಿರಲಿಲ್ಲ.

ಮನೆಯಲ್ಲಿ ಮಾತ್ರ ಈಕೆಯ ಕೆಲಸವೇನೆಂದು ಅಮ್ಮನಿಗೆ ಇನ್ನೂ ಪೂರ್ತಿ ಅರ್ಥವಾಗಿರಲಿಲ್ಲ. ಅಮ್ಮ ಮುಂದಿನ ಕೋಣೆಯಲ್ಲಿ ಎರಡು ಹೊಲಿಗೆ ಮಷೀನು ಇಟ್ಟುಕೊಂಡು, ಒಬ್ಬ ಸಹಾಯಕಿಯೊಡನೆ ಬಟ್ಟೆ ಹೊಲಿಯುತ್ತಾರೆ.

"ನೀನು ಕೊಯ್ಯಲ್ಲ, ಹೊಲಿಯಲ್ಲ. ಮತ್ತೇನೇ ಮಾಡ್ತೀಯಾ ಅಲ್ಲಿ?"

"ನಿದ್ದೆ ಮಾಡಿಸ್ತೀನಿ ಅಮ್ಮಾ. ಆಮೇಲೆ ಎಬ್ಬಿಸ್ತೀನಿ."

"ಇಷ್ಟೇನಾ? ನಿನಗೆ ಇಪ್ಪತ್ತು ವರ್ಷ ಅದನ್ನೇ ಮಾಡಿದೆ, ನನಗ್ಯಾರೂ ಸರ್ಟಿಫಿಕೇಟ್ ಕೊಡ್ಲಿಲ್ಲ!"

ಆ ಸರ್ಟಿಫಿಕೇಟು ಅಕ್ಕನ ಕೈಗೆ ಬರಲು ಇನ್ನು ಐದು ವಾರವಿತ್ತು. ಮನೆಗೆ ಹತ್ತಿರದ ಒಂದು ಆಸ್ಪತ್ರೆಯಲ್ಲಿ ಕೆಲಸವೂ ಗೊತ್ತಾಗಿತ್ತು. ಆಗ ನಡೆದದ್ದು ಗುಬ್ಬಿಯ ವಿಷಯ.

ಗುಬ್ಬಿ ಮೊದಲ ವರ್ಷದ ಹುಡುಗಿ. ಕುಳ್ಳಗೆ, ತೆಳ್ಳಗೆ ಇದ್ದ ಅವಳಿಗೆ ಮೇಜಿನ ತಲೆಯ ಕಡೆ ನಿಲ್ಲಲು ಕಾಲಡಿಗೆ ಮೆಟ್ಟಿಲು ಬೇಕಾಗುತ್ತಿದ್ದುದರಿಂದ ಬಂದ ಹೆಸರು ಅದು. ಆ ದಿನ ಬೆಳಿಗ್ಗೆಯಿಂದ ಅವಳು ಕದಲಿರಲಿಲ್ಲ. ಮಧ್ಯಾಹ್ನ ಅಕ್ಕ ಬಂದು ಅವಳನ್ನು ಊಟಕ್ಕೆ ಓಡಿಸಿ, ತಲೆಯ ಬಳಿ ಕೂತಳು. ಬರಿಗೈಲಿ ಕೂರುವ ಜಾಯಮಾನ ಆಕೆಯದಲ್ಲ. ಹುಡುಗಿಗೆ ಐದು ನಿಮಿಷವಾದರೂ ಉಳಿಯಲಿ ಎಂದು ಮುಂದಿನ ರೋಗಿಗೆ ಬೇಕಾದ ಔಷಧಿಗಳನ್ನು ಸಿರಿಂಜುಗಳಿಗೆ ತುಂಬಿ, ಹೆಸರಿನ ಚೀಟಿ ಅಂಟಿಸಿ, ಟ್ರೇಯಲ್ಲಿ ಸಾಲಾಗಿ ಇಟ್ಟಳು. ಗುಬ್ಬಿ ಬಂದಾಗ, "ಮುಂದಿನವರದ್ದೂ ರೆಡಿ ಇದೆ" ಎಂದು ಹೇಳಿ ಹೊರಟುಹೋದಳು.

ಅಕ್ಕನದು ಎಡಗೈ. ಆಕೆಯ ಟ್ರೇಯ ಸಾಲು ಎಲ್ಲರ ಸಾಲಿಗೆ ತಿರುವುಮುರುವು.

ಮುಂದಿನ ರೋಗಿ ಶಾಲಾ ವ್ಯಾನು ಓಡಿಸುವ ಹೆಂಗಸು, ಮುಂಗೈ ಮೂಳೆ ಮುರಿದಿತ್ತು. ಮೇಜಿನ ಮೇಲೆ ಮಲಗಿದವಳೇ ಗಡಗಡ ನಡುಗತೊಡಗಿದಳು. ಗುಬ್ಬಿ ಅವಳ ಮುಖವನ್ನೇ ನೋಡುತ್ತ, ಒಂದು ಕೈಯಿಂದ ಅವಳ ಕೈ ಹಿಡಿದು, ಇನ್ನೊಂದು ಕೈಯಿಂದ ರೂಢಿಯಂತೆ ಟ್ರೇಯ ಬಲತುದಿಯ ಸಿರಿಂಜು ಎತ್ತಿಕೊಂಡಳು. ಅಲ್ಲಿ ಯಾವಾಗಲೂ ಭಯ ಇಳಿಸುವ ಔಷಧಿ ಇರುತ್ತದೆ. ಅಂದು ಇದ್ದದ್ದು ಮೈಯ ಸ್ನಾಯುಗಳನ್ನೆಲ್ಲ ಸಡಿಲಿಸುವ ಔಷಧಿ, ನಿದ್ದೆ ಬಂದ ಮೇಲಷ್ಟೇ ಕೊಡುವಂಥದ್ದು. ಚೀಟಿ ಇತ್ತು, ಅವಳು ಓದಲಿಲ್ಲ. ನಡುಗುತ್ತಿದ್ದ ಕೈ ನಿಧಾನವಾಗಿ ಸೋತು ಸುಮ್ಮನಾಯಿತು. ಎಚ್ಚರವಿದ್ದಂತೆಯೇ ಉಸಿರೂ ನಿಂತಿತು.

ಗುಬ್ಬಿಗೆ ಕೂಡಲೇ ತಿಳಿಯಿತು. ಮುಖಕ್ಕೆ ಮಾಸ್ಕ್ ಒತ್ತಿ ಉಸಿರು ಕೊಟ್ಟಳು, ನಿದ್ದೆಯ ಔಷಧಿ ಕೊಟ್ಟಳು, ಹಿರಿಯರನ್ನು ಕರೆಸಿದಳು. ಎಲ್ಲ ಸೇರಿ ಅರ್ಧ ನಿಮಿಷ. ಆಪರೇಷನ್ನೂ ಸುಸೂತ್ರವಾಗಿ ಮುಗಿಯಿತು. ಆದರೆ ಅರ್ಧ ನಿಮಿಷ ಎಂಬುದು ಉಸಿರಾಡುವವರಿಗೆ ಮಾತ್ರ ಚಿಕ್ಕದು.

ಸಂಜೆ ಅಕ್ಕ ವಿಶ್ರಾಂತಿ ಕೋಣೆಗೆ ಬಂದಾಗ ಗುಬ್ಬಿ ಸೋಫಾದ ಮೂಲೆಯಲ್ಲಿ ಮುದುರಿ ಕೂತಿದ್ದಳು. ಮುಂದೆ ಎರಡು ಹಾಳೆ. ಒಂದು ರಾಜೀನಾಮೆ. ಇನ್ನೊಂದು ವಿಚಾರಣೆಗೆ ಬರೆದ ವರದಿ. ಅದರಲ್ಲಿ, "ಸಿರಿಂಜುಗಳನ್ನು ತುಂಬಿ ಜೋಡಿಸಿದ್ದು ನಾನೇ" ಎಂದಿತ್ತು.

ಅಕ್ಕ ಆ ಹಾಳೆ ಕೈಗೆತ್ತಿಕೊಂಡಳು. "ಇದ್ಯಾಕೆ ಹೀಗೆ ಬರ್ದೆ?"

"ಐದೇ ವಾರ ಇರೋದು ಅಕ್ಕಾ ನಿಮ್ಗೆ. ನಾನು ಹೆಂಗಿದ್ರೂ ಹೋಗ್ತೀನಿ. ಇಬ್ರೂ ಯಾಕೆ ಮುಳುಗ್ಬೇಕು?"

ತಾನು ತುಂಬದ ಸಿರಿಂಜನ್ನು ಚುಚ್ಚಬಾರದು, ಇನ್ನೊಬ್ಬರು ಚುಚ್ಚಲೆಂದು ತುಂಬಿಡಲೂಬಾರದು ಎಂಬುದು ಆ ವಿಭಾಗದ ನಿಯಮ. ಪ್ರೀತಿಯ ಹೆಸರಲ್ಲಿ ಎಲ್ಲರೂ ಮುರಿಯುತ್ತಿದ್ದ ನಿಯಮ. ಅಕ್ಕ ಆಗ ಏನೂ ಹೇಳದೆ ಮನೆಗೆ ಹೋದಳು. ಇದನ್ನು ಮುಚ್ಚಿಡಬಾರದು, ಹೌದು, ಆಕೆ ಸುಮ್ಮನೆ ಹೋದಳು. ಸುಳ್ಳು ಹೇಳುವ ಕಷ್ಟವೂ ಇರಲಿಲ್ಲ, ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಒಳ್ಳೆಯವರಿಗೂ ಅಂಥ ಸಂಜೆ ಬರುತ್ತದೆ.

ತಟ್ಟೆಯ ಮುಂದೆ ಕೂತು ಕೈಯಾಡಿಸುತ್ತಿದ್ದ ಮಗಳನ್ನು ನೋಡಿ ಅಮ್ಮ ಬಿಡಲಿಲ್ಲ. ಬಾಯಿ ಬಿಡಿಸಿದರು. ಎಲ್ಲ ಕೇಳಿದ ಮೇಲೆ ಹೇಳಿದರು: "ನಾನು ತಪ್ಪು ಕತ್ತರಿಸಿಕೊಟ್ಟ ಬಟ್ಟೇನ ನಮ್ಮ ಹೊಲಿಗೆ ಹುಡುಗಿ ನೋಡ್ದೆ ಹೊಲಿದುಬಿಟ್ರೆ, ಗಿರಾಕಿ ಮುಂದೆ ಅವಳೊಬ್ಬಳನ್ನೇ ನಿಲ್ಲಿಸ್ತೀನಾ? ಊಟ ಮಾಡು. ಹಸ್ಕೊಂಡು ಹೋಗಿ ನಿಜ ಹೇಳೋಕಾಗಲ್ಲ."

ಮರುದಿನ ವಿಚಾರಣೆ. ಮುಖ್ಯಸ್ಥರು ವರದಿ ಓದಿ ಕನ್ನಡಕ ತೆಗೆದರು. "ಪ್ರತಿನಿಧಿಯಾಗಿ ಇವಳ ಪರವಾಗಿ ಏನು ಹೇಳ್ತೀರಿ?"

"ಪ್ರತಿನಿಧಿಯಾಗಿ ಏನೂ ಹೇಳಲ್ಲ ಸಾರ್. ಆ ಟ್ರೇ ಜೋಡಿಸಿದ್ದು ನಾನು." ಗುಬ್ಬಿ "ಅಕ್ಕಾ" ಎಂದು ತೋಳು ಹಿಡಿದಳು. ಅಕ್ಕ ಬಿಡಿಸಿಕೊಳ್ಳದೆಯೇ ಮುಂದುವರಿಸಿದಳು. "ಚೀಟಿ ಓದದೆ ಇದ್ದದ್ದು ಇವಳ ತಪ್ಪು, ಇಲ್ಲ ಅನ್ನಲ್ಲ. ಆದ್ರೆ ಎಡಗೈ ಸಾಲನ್ನ ಬಲಗೈಯವಳ ಮುಂದೆ ಇಟ್ಟು ಹೋದವಳು ನಾನು. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಎಳೀಬೇಡಿ. ಊಟಕ್ಕೆ ಬಿಡೋರು ಇಲ್ದೆ ಇದ್ದದ್ದಕ್ಕೇ ಇದೆಲ್ಲ ಆಯ್ತು. ಅದನ್ನೂ ಬರ್ಕೊಳ್ಳಿ."

ಮುಖ್ಯಸ್ಥರು ಸಿಡುಕಿನ ಮನುಷ್ಯ, ಆದರೆ ನ್ಯಾಯ ಬಿಟ್ಟವರಲ್ಲ. ಹೇಳಿದ್ದನ್ನೆಲ್ಲ ಬರೆದುಕೊಂಡರು. ಕೊನೆಗೆ ತೀರ್ಮಾನ ಹೇಳಿದರು. ಗುಬ್ಬಿಯ ತರಬೇತಿ ನಿಲ್ಲುವುದಿಲ್ಲ, ಮೂರು ತಿಂಗಳು ಹಿರಿಯರ ಕಣ್ಣೆದುರಿಗೇ ಕೆಲಸ. ಅಕ್ಕನ ಸರ್ಟಿಫಿಕೇಟು ಆರು ತಿಂಗಳು ಮುಂದಕ್ಕೆ. ಮಧ್ಯಾಹ್ನದ ಬಿಡುವಿಗೆಂದೇ ಇನ್ನು ಮುಂದೆ ಒಬ್ಬ ಡಾಕ್ಟರು. ಮತ್ತು ಇಬ್ಬರೂ ಹೋಗಿ ರೋಗಿಗೆ ನಡೆದದ್ದನ್ನು ನಡೆದ ಹಾಗೆ ಹೇಳಬೇಕು.

ಗೊತ್ತಾಗಿದ್ದ ಕೆಲಸ ಕೈತಪ್ಪಿತು. ಅಕ್ಕನಿಗೆ ನೋವಾಗಲಿಲ್ಲ ಎಂದರೆ ಅದು ಕಟ್ಟುಕಥೆ. ಆದರೆ ಅದಕ್ಕಿಂತ ದೊಡ್ಡ ನೋವು ಕಾರಿಡಾರಿನಲ್ಲಿ ಕಾದಿತ್ತು.

"ನೀವು ನನ್ನ ಉಳಿಸಿದ್ರಿ ಅಕ್ಕಾ," ಎಂದಳು ಗುಬ್ಬಿ, "ಆದ್ರೆ ನಾನಿರಲ್ಲ. ಸಿರಿಂಜು ಹಿಡಿದ್ರೆ ಆ ಹೆಂಗಸಿನ ಕಣ್ಣೇ ಕಾಣ್ಸುತ್ತೆ."

ಮುಖ್ಯಸ್ಥರ ಮುಂದೆ ವಾದಿಸಬಹುದು, ಹೆದರಿದ ಮನಸ್ಸಿನ ಮುಂದೆ ಹೇಗೆ ವಾದಿಸುವುದು? ಅಕ್ಕ ಅವಳ ಕೈ ಹಿಡಿದು ವಾರ್ಡಿಗೆ ಕರೆದುಕೊಂಡು ಹೋದಳು.

ವ್ಯಾನು ಓಡಿಸುವಾಕೆ ಕಟ್ಟು ಹಾಕಿದ ಕೈಯನ್ನು ದಿಂಬಿನ ಮೇಲಿಟ್ಟು ಕೂತಿದ್ದಳು. ಅಕ್ಕ ತನ್ನ ಪಾಲಿನದನ್ನು ಹೇಳಿದಳು. ಗುಬ್ಬಿ ತನ್ನದನ್ನು ಹೇಳಿದಳು, ನೆಲ ನೋಡಿಕೊಂಡು. ಆಕೆ ನಡುವೆ ಬಾಯಿ ಹಾಕಲಿಲ್ಲ.

"ನನಗೆ ಎಚ್ಚರ ಇತ್ತು," ಎಂದಳು ಆಮೇಲೆ. "ಸತ್ತೇಹೋದೆ ಅಂದ್ಕೊಂಡೆ. ಕೂಗೋಣ ಅಂದ್ರೆ ನಾಲಗೆ ಏಳಲ್ಲ. ಸಿಟ್ಟಿದೆ ನನಗೆ, ಇಲ್ಲ ಅಂತ ಯಾಕೆ ಹೇಳ್ಲಿ? ಆದ್ರೆ ಕಿವಿ ಹತ್ರ ಒಂದು ದನಿ ಬಿಡದೆ ಹೇಳ್ತಾನೇ ಇತ್ತು. 'ನೀವು ಉಸಿರಾಡ್ಬೇಕಾಗಿಲ್ಲ, ನಾನು ಆಡಿಸ್ತಿದೀನಿ. ಈಗ ನಿದ್ದೆ ಬರುತ್ತೆ. ನಾನು ಎಲ್ಲೂ ಹೋಗಲ್ಲ' ಅಂತ. ಅದ್ಯಾರು, ನೀನೇನಾ?"

ಗುಬ್ಬಿ ತಲೆಯಾಡಿಸಿದಳು. ಕಣ್ಣೀರು ಗಲ್ಲದಿಂದ ಕೋಟಿನ ಮೇಲೆ ಬಿತ್ತು.

"ಒಂದು ವರ್ಷ ಬಿಟ್ಟು ಮೂಳೆಗೆ ಹಾಕಿದ ಈ ಪ್ಲೇಟು ತೆಗೀಬೇಕಂತೆ. ಹೊಸಬರು ಬಂದ್ರೆ ನನಗೆ ಆಗಲ್ಲ, ಜೀವ ಹೋಗುತ್ತೆ ಹೆದ್ರಿಕೇಲಿ. ಆವತ್ತು ನೀನೇ ಬರ್ಬೇಕು. ಚೀಟಿ ಓದಿ ಕೊಡು, ಅಷ್ಟೇ. ಇರ್ತೀಯಾ?"

ಗುಬ್ಬಿ ಅಕ್ಕನ ಕಡೆ ನೋಡಿದಳು. ಎರಡು ವರ್ಷದಿಂದ ಎಲ್ಲರ ಪರವಾಗಿ ಉತ್ತರ ಕೊಟ್ಟೂ ಕೊಟ್ಟೂ ರೂಢಿಯಾಗಿದ್ದ ಅಕ್ಕ ತುಟಿ ಕಚ್ಚಿಕೊಂಡು ಕಿಟಕಿಯ ಕಡೆ ತಿರುಗಿದಳು. ಹೇಳಿದರೆ ಈ ಹುಡುಗಿಯೇ ಹೇಳಬೇಕು.

ಗುಬ್ಬಿ ಏನೋ ಹೇಳಿದ ಹಾಗಾಯಿತು.

"ಗಟ್ಟಿಯಾಗಿ ಹೇಳೇ, ಕೇಳಿಸ್ಲಿಲ್ಲ," ಎಂದಳು ವ್ಯಾನು ಓಡಿಸುವಾಕೆ.

"ಇರ್ತೀನಿ ಅಮ್ಮಾ," ಎಂದಳು ಗುಬ್ಬಿ.