ತೊರೆದಿದ್ದೀರೆಂದು ಭಾವಿಸಲಾಗಿದೆ

ನಾನು ಈ ಜನ್ಮದಲ್ಲಿ ಬರೆದ ಅತಿ ಕೆಟ್ಟ ವಾಕ್ಯ ಯಾವುದು ಎಂದು ಯಾರಾದರೂ ಕೇಳಿದರೆ ನನಗೆ ಹುಡುಕುವ ಕೆಲಸವಿಲ್ಲ. ‘ತಾವು ಸ್ವಇಚ್ಛೆಯಿಂದ ಕೆಲಸವನ್ನು ತೊರೆದಿದ್ದೀರೆಂದು ಭಾವಿಸಲಾಗಿದೆ.’ ವ್ಯಾಕರಣ ಸರಿಯಿದೆ, ಕಾಗುಣಿತ ಸರಿಯಿದೆ, ಅಡಿಯಲ್ಲಿ ಮೊಹರೂ ಇದೆ. ಭಾವಿಸಿದವರು ಯಾರು ಎನ್ನುವುದೊಂದು ಮಾತ್ರ ಇಲ್ಲ. ಈ ‘ಲಾಗಿದೆ’ಯನ್ನು ಕಂಡುಹಿಡಿದವನು ನನ್ನಂಥ ಒಬ್ಬ ಗುಮಾಸ್ತನೇ ಇರಬೇಕು. ಮಾಡುವುದನ್ನೆಲ್ಲ ಮಾಡಿ ತಾನು ಮಾತ್ರ ವಾಕ್ಯದಿಂದ ನುಣುಚಿಕೊಳ್ಳುವ ಅಗತ್ಯ ಬೇರೆ ಯಾರಿಗಿತ್ತು?

ಅರಸೀಕೆರೆಯ ಒಂದು ತೆಂಗಿನ ಪುಡಿ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷದಿಂದ ನಾನು ಆಫೀಸು ನೋಡಿಕೊಳ್ಳುತ್ತಿದ್ದೇನೆ. ದಾಕ್ಷಾಯಣಮ್ಮ ಅಲ್ಲಿ ಹನ್ನೊಂದು ವರ್ಷದಿಂದ ಕಾಯಿಯ ಕಂದು ಸಿಪ್ಪೆ ಹೆರೆಯುವ ಕೆಲಸದಲ್ಲಿದ್ದರು. ಗರ್ಭಕೋಶದ ಆಪರೇಷನ್ ಎಂದು ಒಂದು ತಿಂಗಳು ರಜೆ ಹಾಕಿ ತವರೂರು ಮಾದಿಹಳ್ಳಿಗೆ ಹೋದರು. ತಿಂಗಳು ಮುಗಿಯುವ ಮೊದಲೇ ಅವರಿಂದ ಇನ್ನೊಂದು ಅರ್ಜಿ ಬಂತು. ಬಗ್ಗಬಾರದು, ಭಾರ ಎತ್ತಬಾರದು, ಇನ್ನೆರಡು ತಿಂಗಳು ರಜೆ ಬೇಕು ಎಂದಿತ್ತು. ಡಾಕ್ಟರ ಚೀಟಿ ಜೊತೆಗಿತ್ತು, ಮಾದಿಹಳ್ಳಿಯ ವಿಳಾಸ ದಪ್ಪ ಅಕ್ಷರದಲ್ಲಿತ್ತು. ಬಂದ ಪತ್ರಗಳ ರಿಜಿಸ್ಟರಿನಲ್ಲಿ ಅದನ್ನು ನಾನೇ ದಾಖಲು ಮಾಡಿದೆ.

ನಮ್ಮ ಸಾಹುಕಾರರು ಕೆಟ್ಟವರೇನಲ್ಲ. ಮಠದ ದಾಸೋಹಕ್ಕೆ ಕಾಯಿ ಕಳಿಸದ ತಿಂಗಳಿಲ್ಲ. ಆದರೆ ಅರ್ಜಿ ಓದಿ, ಮೂರು ತಿಂಗಳು ಯಾರು ಕಾಯುತ್ತಾರೆ, ಬಿಟ್ಟುಹೋದಳೆಂದು ಬರೆದುಬಿಡಿ ಎಂದರು. ನೋಟಿಸು ಕೊಡದೆ ಹಾಗೆ ಬರೆಯಲು ಬರುವುದಿಲ್ಲ ಎಂದು ನಾನು ಮೇಜಿಗೆ ಕೇಳಿಸುವಷ್ಟು ಮೆಲ್ಲಗೆ ಹೇಳಿದೆ. ಹಾಗಾದರೆ ನೋಟಿಸೂ ಕೊಡಿ, ನಮ್ಮ ಪುಸ್ತಕದಲ್ಲಿರುವ ವಿಳಾಸಕ್ಕೇ ಕಳಿಸಿ ಎಂದರು. ಪುಸ್ತಕದಲ್ಲಿದ್ದದ್ದು ಅರಸೀಕೆರೆಯ ಬಾಡಿಗೆ ಕೋಣೆ. ಅಲ್ಲಿ ಬೀಗ ಬಿದ್ದಿದೆ ಎಂದು ಅವರಿಗೂ ಗೊತ್ತು, ನನಗೂ ಗೊತ್ತು. ನೋಟಿಸು ಹೋಯಿತು, ‘ಬಾಗಿಲು ಹಾಕಿದೆ’ ಎಂದು ಬರೆಸಿಕೊಂಡು ವಾಪಸು ಬಂತು. ಆಮೇಲೆ ನಾನು ಆ ಪ್ರಖ್ಯಾತ ವಾಕ್ಯವನ್ನು ಬರೆದೆ.

ಇದೇ ಸಾಹುಕಾರರು ಕಿಡ್ನಿಯ ಕಲ್ಲು ತೆಗೆಸಿಕೊಂಡಾಗ ನಲವತ್ತೈದು ದಿನ ಮನೆಯಲ್ಲಿ ಮಲಗಿದ್ದರು. ನಾನು ದಿನವೂ ಫೈಲು ಹೊತ್ತು ಅವರ ಮಂಚದ ಬಳಿ ನಿಲ್ಲುತ್ತಿದ್ದೆ. ಅವರು ಕಾರ್ಖಾನೆಯನ್ನು ತೊರೆದಿದ್ದಾರೆಂದು ಯಾರೂ ಭಾವಿಸಲಿಲ್ಲ.

ಮೂರು ತಿಂಗಳಾದ ಮಾರನೆಯ ಬೆಳಗ್ಗೆ ದಾಕ್ಷಾಯಣಮ್ಮ ಕೆಲಸಕ್ಕೆ ಬರಬಹುದೆಂಬ ಡಾಕ್ಟರ ಚೀಟಿ ಹಿಡಿದು ಬಂದರು. ವಾಚ್‌ಮನ್ ಗೇಟಿನಲ್ಲೇ ತಡೆದ. ನಾನು ಹೋಗಿ ಪತ್ರದ ನಕಲು ಕೊಟ್ಟೆ. ಓದಿ ಹೇಳಿ ಎಂದರು, ಓದಿದೆ.

“ನಾನು ಬಿಟ್ಟೋದೆ ಅಂತ ಯಾರು ಹೇಳ್ದೋರು ಸಾರ್ ನಿಮ್ಗೆ?”

ನಾನು ಪತ್ರದ ಅಡಿಯ ಮೊಹರನ್ನು ತೋರಿಸಿದೆ. ಸಾಹುಕಾರರು ಅಲ್ಲಿಗೇ ಬಂದು, ಆಯಿತು, ಇವತ್ತಿನಿಂದ ಹೊಸದಾಗಿ ಸೇರಿಕೋ ಎಂದು ದೊಡ್ಡ ಮನಸ್ಸು ತೋರಿಸಿದರು.

“ಹೊಸ್ದಾಗಾ? ಹಂಗಾರೆ ಆ ಹನ್ನೊಂದ್ ವರ್ಷ ಕಾಯಿ ಹೆರ್ದೋಳು ಯಾರು?” ಎಂದವರೇ ಬಸ್‌ಸ್ಟ್ಯಾಂಡಿನ ಕಡೆ ನಡೆದರು. ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನಿಧಾನವಾಗಿ ನಡೆಯುತ್ತಿದ್ದರು.

ಆ ಸಂಜೆ ನನಗೆ ಬಂದ ಸಿಟ್ಟಿಗೆ ಮನೆಯಲ್ಲಿ ಸಾರಿಗೆ ಉಪ್ಪು ಹೆಚ್ಚಾಯಿತು, ಟೀವಿಯ ಸದ್ದು ಜೋರಾಯಿತು. ನನ್ನ ಹೆಂಡತಿ ಎಲ್ಲವನ್ನೂ ಕೇಳಿಸಿಕೊಂಡು, ಆಫೀಸಿನ ಸಿಟ್ಟನ್ನು ಆಫೀಸಿನಲ್ಲಿ ತೋರಿಸಬಾರದೇ ಎಂದಳು. ಅದಕ್ಕೂ ಸಿಟ್ಟು ಬಂತು, ಮಾತು ಸರಿಯಾಗಿತ್ತಲ್ಲ!

ಅಷ್ಟಕ್ಕೂ ಕಾನೂನು ಕೇಳುವುದು ಎಷ್ಟು? ಅರ್ಜಿ ಬಂದರೆ ಹೌದು ಅಥವಾ ಇಲ್ಲ ಎಂದು ಉತ್ತರ ಬರೆಯಿರಿ. ಕಾಯಿಲೆಯ ಮೇಲೆ ಅನುಮಾನವಿದ್ದರೆ ಇನ್ನೊಬ್ಬ ಡಾಕ್ಟರಿಗೆ ತೋರಿಸಿ. ಅಲ್ಲಿಯವರೆಗೆ ಕೆಲಸ ನಿಲ್ಲುವುದಾದರೆ ಬದಲಿಗೆ ಒಬ್ಬರನ್ನು ಇಟ್ಟುಕೊಳ್ಳಿ, ಬೇಡ ಅಂದವರು ಯಾರು? ಹೇಳದೆ ಕೇಳದೆ ಬಾರದಿದ್ದರೆ, ಆ ಮನುಷ್ಯ ನಿಜವಾಗಿ ಇರುವ ಕಡೆಗೆ ನೋಟಿಸು ಕಳಿಸಿ, ಹೇಳುವುದನ್ನು ಕೇಳಿ, ಆಮೇಲೆ ತೀರ್ಮಾನಿಸಿ. ಇದಕ್ಕೆ ವಕೀಲಿ ಓದಬೇಕಿಲ್ಲ. ರಜೆ ಎಂಬ ಮಾತು ಪಾರಸಿಯ ಕಡೆಯಿಂದ ನಮ್ಮಲ್ಲಿಗೆ ಬಂದದ್ದು, ಅಲ್ಲಿ ಅದರ ಅರ್ಥ ಒಪ್ಪಿಗೆ. ಒಪ್ಪಿಗೆಗೆ ಇಬ್ಬರು ಬೇಕು. ನಾವು ಒಬ್ಬರನ್ನು ಕೇಳದೆಯೇ ಇಬ್ಬರ ಪರವಾಗಿ ಭಾವಿಸಿಬಿಟ್ಟಿದ್ದೆವು.

ಭಾನುವಾರ ರಿಜಿಸ್ಟರಿನಲ್ಲಿ ಅವರ ಅರ್ಜಿ ದಾಖಲಾಗಿದ್ದ ಪುಟದ ಜೆರಾಕ್ಸ್ ಜೇಬಿನಲ್ಲಿಟ್ಟುಕೊಂಡು ಹಳೇಬೀಡಿನ ಬಸ್ಸು ಹತ್ತಿದೆ. ಅಲ್ಲಿ ಮಾದಿಹಳ್ಳಿಯ ಬಸ್ಸಿಗೆ ಒಂದು ಗಂಟೆ ಹೊತ್ತಿತ್ತು. ದೇವಸ್ಥಾನದ ಮುಂದೆ ಒಬ್ಬ ಗೈಡು, ಈ ಕೆಲಸ ತಲೆಮಾರುಗಟ್ಟಲೆ ನಡೆದು ಕೊನೆಗೂ ಪೂರ್ತಿಯಾಗಲಿಲ್ಲ ಎಂದು ಪ್ರವಾಸಿಗಳಿಗೆ ಹೇಳುತ್ತಿದ್ದ. ಅಷ್ಟು ಕಾಲದಲ್ಲಿ ಎಷ್ಟು ಶಿಲ್ಪಿಗಳಿಗೆ ಜ್ವರ ಬಂದಿರಬೇಡ, ಎಷ್ಟು ಮಂದಿಯ ಕೈಗೆ ಸುತ್ತಿಗೆ ಬಿದ್ದಿರಬೇಡ! ಪಕ್ಕದ ಬೇಲೂರಿನಲ್ಲಿ ಬೊಂಬೆಗಳ ಕೆಳಗೆ ಕೆತ್ತಿದವರ ಹೆಸರುಗಳು ಇವತ್ತಿಗೂ ಇವೆ. ನಾವು ಮೂರು ತಿಂಗಳಿಗೆ, ಅದೂ ಬದುಕಿರುವವರ ಹೆಸರನ್ನೇ ಹೊಡೆದು ಹಾಕುತ್ತೇವೆ.

ದಾಕ್ಷಾಯಣಮ್ಮ ಕಾಫಿ ಕೊಟ್ಟರು, ನಗಲಿಲ್ಲ. ಜೆರಾಕ್ಸ್ ಕೊಟ್ಟು, ಹಾಸನದ ಕಾರ್ಮಿಕ ಅಧಿಕಾರಿಗೆ ದೂರು ಕೊಡಿ, ಕರೆದರೆ ನಾನೂ ಬಂದು ಹೇಳುತ್ತೇನೆ ಎಂದೆ.

ಕರೆದರು. ಅಧಿಕಾರಿ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಪತ್ರವನ್ನು ಎರಡು ಸಲ ಓದಿ, ಹೀಗೆ ಭಾವಿಸಿದ್ದು ಯಾರು ಎಂದು ಕೇಳಿದರು. ಸಾಹುಕಾರರು ನನ್ನನ್ನು ನೋಡಿದರು.

“ಹೇಳಿದ್ದು ಸಾಹುಕಾರರು, ಬರೆದದ್ದು ನಾನು ಮೇಡಂ. ದಾಕ್ಷಾಯಣಮ್ಮ ಮಾದಿಹಳ್ಳೀಲಿದ್ದಾರೆ ಅಂತ ಇಬ್ಬರಿಗೂ ಗೊತ್ತಿತ್ತು.”

ಆಮೇಲೆ ಹೆಚ್ಚು ಮಾತು ಬೇಕಾಗಲಿಲ್ಲ. ಹಳೆಯ ಸರ್ವಿಸ್ ಹಾಗೆಯೇ ಉಳಿಸಿ ಕೆಲಸಕ್ಕೆ ತೆಗೆದುಕೊಳ್ಳುತ್ತೇನೆಂದು ಸಾಹುಕಾರರು ಅಲ್ಲೇ ಬರೆದುಕೊಟ್ಟರು. ಬರುವಾಗ ಅವರು ಕಾರಿನಲ್ಲಿ ಬಂದರು, ನಾನು ಬಸ್ಸಿನಲ್ಲಿ ಬಂದೆ.

ದಾಕ್ಷಾಯಣಮ್ಮ ಕೆಲಸಕ್ಕೆ ಸೇರಿದ ದಿನ ನಾನು ಏನೋ ನೆಪ ಮಾಡಿಕೊಂಡು ಷೆಡ್ಡಿನೊಳಗೆ ಹೋದೆ. ಸುಳ್ಳೇಕೆ, ಒಂದು ಒಳ್ಳೆಯ ಮಾತಿನ ಆಸೆಯಿತ್ತು. ಅವರು ಹೆರೆಯುವುದನ್ನು ನಿಲ್ಲಿಸದೆಯೇ ಹೇಳಿದರು:

“ಹಾಸನ್ದಲ್ಲಿ ಹೇಳಿದ್ರಲ್ಲ ಸಾರ್, ಒಳ್ಳೇದಾಯ್ತು. ಆದ್ರೆ ಆವತ್ತು ಕಾಗ್ದ ಬರೀವಾಗ್ಲೇ ಆಗಲ್ಲ ಅಂದಿದ್ರೆ ನಾನು ಗೇಟಲ್ಲಿ ನಿಲ್ತಿರ್ಲಿಲ್ಲ.”

ಮೊನ್ನೆ ನಮ್ಮ ಲಾರಿ ಡ್ರೈವರ್ ಕಾಲು ಮುರಿದುಕೊಂಡು ಎರಡು ತಿಂಗಳ ರಜೆ ಕೇಳಿದ್ದಾನೆ. ಸಾಹುಕಾರರು ಬಹಳ ದಿನಗಳ ಮೇಲೆ ನನ್ನನ್ನು ಒಳಗೆ ಕರೆದು, ಇವನದ್ದೂ ಒಂದು ಕಾಗದ ಬರೆಯಿರಿ ಎಂದರು. ಆಗುವುದಿಲ್ಲ ಎಂದೆ. ಅವರು ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು.

“ಹಂಗಾದ್ರೆ ಏನ್ ಮಾಡೋದು, ಹೇಳಿ.”

ಅಷ್ಟೇ! ಆಕಾಶ ಬೀಳಲಿಲ್ಲ, ನನ್ನ ಕುರ್ಚಿಯೂ ಹೋಗಲಿಲ್ಲ. ಇಷ್ಟು ಸಣ್ಣ ಮಾತನ್ನು ಆಡಲು ನನಗೆ ಇಪ್ಪತ್ತೆರಡು ವರ್ಷ ಹಿಡಿಯಿತಲ್ಲ ಎಂದು ನನ್ನ ಮೇಲೇ ಸಿಟ್ಟು ಬಂತು. ಆ ಸಿಟ್ಟಿನಲ್ಲೇ ಕುರ್ಚಿ ಎಳೆದುಕೊಂಡು ಕೂತು, ಮೊದಲು ಅವನನ್ನೇ ಒಂದು ಮಾತು ಕೇಳೋಣ ಎಂದೆ.