ಎಲ್ಲರೂ ತೊಟ್ಟ ನನ್ನ ಹೆಸರು

ಮಿರಜಿನ ಆಸ್ಪತ್ರೆಯೊಂದರ ಕಂಪ್ಯೂಟರ್ ವಿಭಾಗಕ್ಕೆ ಸೇರಿದ ದಿನ ನನ್ನನ್ನು ತೀರಿಹೋದ ಹಳೆಯ ನೌಕರನೊಬ್ಬನ ಹೆಸರಿನಲ್ಲಿ ಕೆಲಸಕ್ಕೆ ಕೂರಿಸಿದರು.

"ಪಾಟೀಲ ಕಾಕಾ ತೀರಕೊಂಡು ವರ್ಷ ಆತ್ರಿ. ಪಾಸ್‌ವರ್ಡ್ ಇನ್ನೂ ಗಟ್ಟಿಮುಟ್ಟ ಐತಿ," ಎಂದು ವಿಭಾಗದ ಮುಖ್ಯಸ್ಥ ಚೌಗುಲೆಯವರು ನಕ್ಕರು. ಆ ಪಾಸ್‌ವರ್ಡನ್ನು ಕೋಣೆಯ ಆ ತುದಿಯಿಂದ ಈ ತುದಿಗೆ ಕೂಗಿ ಹೇಳಿದರು. ಯಾರೂ ತಲೆಯೆತ್ತಲಿಲ್ಲ. ಇಡೀ ಹಾಸ್ಟೆಲ್ಲು ಮೈಯೊರೆಸಿಕೊಂಡ ಒದ್ದೆ ಟವೆಲ್ಲನ್ನು ನನ್ನ ಹೆಗಲಿಗೆ ಹಾಕಿದಂತಾಯಿತು.

ತುಮಕೂರಿನಲ್ಲಿ ನಾನು ಕೆಲಸ ಮಾಡುತ್ತಿದ್ದ ಕಾಲೇಜಿನಲ್ಲಿ ಒಬ್ಬರ ಪಾಸ್‌ವರ್ಡನ್ನು ಇನ್ನೊಬ್ಬರು ಕೇಳುತ್ತಿರಲಿಲ್ಲ. ಇಲ್ಲಿ ಹೇಳದಿದ್ದರೆ ಬಿಗುಮಾನದವಳು. ಏನು ಆಕ್ಷೇಪಿಸಿದರೂ ಮರಾಠಿಯಲ್ಲಿ 'ಚಾಲ್ತಯ್ ಕಿ' ಎನ್ನುತ್ತಾರೆ. ನಡೆಯುತ್ತದಲ್ಲ, ಬಿಡಿ ಎಂದರ್ಥ. ವಿಶ್ರಾಮಬಾಗದಲ್ಲಿ ನನಗೆ ಮಹಡಿಯ ಕೋಣೆ ಬಾಡಿಗೆಗೆ ಕೊಟ್ಟಿರುವ, ಎಲ್ಲರೂ ಮಾವಶಿ ಎನ್ನುವ ಮನೆಯೊಡತಿ ತಮ್ಮ ತಟ್ಟೆಯಿಂದಲೇ ಭಡಂಗ, ಅಂದರೆ ಬೆಳ್ಳುಳ್ಳಿ ಖಾರದ ಚುರುಮುರಿ, ತಿನ್ನಿಸುತ್ತಾರೆ. ಅದು ನನಗೆ ಒಗ್ಗಿತು. ಇದು ಒಗ್ಗಲಿಲ್ಲ.

ಆಸ್ಪತ್ರೆಯ ವಿಂಡೋಸ್ ಸರ್ವರ್‌ಗಳಿಗೆ ಸಿಬ್ಬಂದಿಯ ಹೆಸರುಗಳ ಒಂದು ಕೇಂದ್ರ ಡೈರೆಕ್ಟರಿ ಇತ್ತು. ಚೌಗುಲೆಯವರೇ ಅದರ ಒಡೆಯರು. ಸ್ಕ್ಯಾನ್ ಚಿತ್ರಗಳಿದ್ದ ಲಿನಕ್ಸ್ ಸರ್ವರ್‌ಗಳಿಗೆ ಆ ಡೈರೆಕ್ಟರಿಯ ಪರಿಚಯವೇ ಇರಲಿಲ್ಲ. ಅಲ್ಲಿ ಎಲ್ಲರೂ ಪಾಟೀಲ ಕಾಕಾ. ಎಲ್ಲರೂ ಅವರವರ ಹೆಸರಿನಲ್ಲೇ ಒಳಹೋಗಲೆಂದು ನಾನು ಲಿನಕ್ಸನ್ನೂ ಡೈರೆಕ್ಟರಿಗೆ ಜೋಡಿಸತೊಡಗಿದೆ. ಎರಡರ ಗಡಿಯಾರಗಳು ಹೊಂದದಿದ್ದರೆ ಬಾಗಿಲು ತೆರೆಯುವುದಿಲ್ಲ. ಅದನ್ನು ಸರಿಪಡಿಸಿದ ಮಧ್ಯಾಹ್ನ ಲಿನಕ್ಸ್ ನನ್ನನ್ನು ನನ್ನದೇ ಹೆಸರಿನಿಂದ ಒಳಗೆ ಬಿಟ್ಟಿತು. ಈ ಊರಿನಲ್ಲಿ ನನ್ನ ಮೊದಲ ಗೆಲುವು. ಪರೀಕ್ಷೆಗೆಂದು ನನ್ನೊಬ್ಬಳಿಗೇ ಅನುಮತಿ ಕೊಟ್ಟು, ಮಿಕ್ಕವರನ್ನು ಬಂದ ಮೇಲೆ ಸೇರಿಸುವುದೆಂದು ಅಕ್ಕನ ನಿಶ್ಚಿತಾರ್ಥಕ್ಕೆ ಊರಿಗೆ ಹೋದೆ.

ಮರಳಿದಾಗ ನನ್ನ ಪಾಸ್‌ವರ್ಡ್ ನಡೆಯಲಿಲ್ಲ.

"ಕಾಕಾಂದನ ಹಾಕ್ರಿ," ಎಂದರು ಚೌಗುಲೆ. "ನಿಮ್ಮ ಹೆಸರಿಗೆ ಅದನ್ನ ಇಟ್ಟೇನಿ. ಕಾಕಾ ಬರೇ ಲಿನಕ್ಸ್‌ನ್ಯಾಗ ನಡೀತಿದ್ರು. ನೀವು ಎರಡೂ ಕಡೆ ನಡೀತೀರಿ! ಎಲ್ಲಾರಿಗೂ ಅನುಕೂಲ ಆತು."

ನನ್ನ ಹಲ್ಲುಜ್ಜುವ ಬ್ರಷ್ಷನ್ನು ಊರವರ ಬಾಯಲ್ಲಿ ಕಂಡಂತಾಯಿತು.

ನಾನಿಲ್ಲದಾಗ ರೋಗಿಯೊಬ್ಬರ ಸ್ಕ್ಯಾನ್ ಅಳಿಸಿಹೋಗಿತ್ತು. ಅಳಿಸಿದ ಕೈ ಯಾರದೋ. ದಾಖಲೆಯಲ್ಲಿದ್ದ ಹೆಸರು ಮಾತ್ರ ನನ್ನದು. ನನ್ನ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ.

"ಆಡಳಿತದವರ ಮುಂದ ತಪ್ಪಾತು ಅಂತ ಹೇಳಿಬಿಡ್ರಿ. ಕನ್ನಡ ಮಂದಿ ನಾವು, ನಾ ಸಂಬಾಳಿಸ್ತೇನಿ," ಎಂದರು ಚೌಗುಲೆ.

"ನಾನು ಊರಲ್ಲಿದ್ದೆ ಸರ್."

"ಹೆಸರು ಇಲ್ಲೇ ಇತ್ತಲ್ರಿ!"

ಆಡಳಿತಾಧಿಕಾರಿಗೆ ನಾನು ತೋರಿಸಿದ್ದು ಒಂದೇ: ನನ್ನ ಪಾಸ್‌ವರ್ಡ್ ಬದಲಿಸಿದವರು ಯಾರೆಂಬುದು. ಡೈರೆಕ್ಟರಿಯೊಂದನ್ನು ಮಾತ್ರ ಚೌಗುಲೆ ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ಅಲ್ಲಿ ಅವರು ತಮ್ಮ ಸ್ವಂತ ಹೆಸರಿನಲ್ಲೇ ಕೂರುತ್ತಿದ್ದರು; ಬದಲಾವಣೆಯ ದಾಖಲೆಯಲ್ಲೂ ಅದೇ ಹೆಸರಿತ್ತು. ನನ್ನ ಕೆಲಸ ಉಳಿಯಿತು. ರೋಗಿಯನ್ನು ಮತ್ತೆ ಸ್ಕ್ಯಾನಿಗೆ ಮಲಗಿಸಿದರು; ಯಾರೂ ಅವರ ಕ್ಷಮೆ ಕೇಳಲಿಲ್ಲ. ಈಗ ಎಲ್ಲರೂ ಅವರವರ ಹೆಸರಿನಲ್ಲೇ ಒಳಗೆ ಹೋಗುತ್ತಾರೆ, ಮುಖ ಸಿಂಡರಿಸಿಕೊಂಡು.

ವಿಭಾಗದಲ್ಲಿ ನನ್ನೊಡನೆ ಕನ್ನಡ ಮಾತಾಡುತ್ತಿದ್ದವರು ಚೌಗುಲೆ ಒಬ್ಬರೇ. ಅಂದಿನಿಂದ ಅವರಿಗೆ ನಾನು 'ಮ್ಯಾಡಮ್', ಮಾತೆಲ್ಲ ಮರಾಠಿ. ನಾನೂ ಮರಾಠಿಯಲ್ಲೇ ಉತ್ತರಿಸುತ್ತೇನೆ, ಚೆನ್ನಾಗಿಯೇ. ಫೋನಿನಲ್ಲಿ ಅಮ್ಮ ಊಟ ಆಯ್ತಾ ಎಂದು ಕೇಳಿದರೆ ಮಾತ್ರ 'ಉಂಡೇನಿ' ಎಂದುಬಿಡುತ್ತೇನೆ. ಇದ್ಯಾವೂರ ಮಾತೇ ಎಂದು ಅಮ್ಮ ನಗುತ್ತಾಳೆ. ಅದು ಯಾರಿಂದ ಬಂತೆಂದು ನಾನು ಹೇಳುವುದಿಲ್ಲ.